ಒಂದು ಪೌಂಡ್ ಮಾಂಸದ ಮುಚ್ಚಳಿಕೆ: ಶೇಕ್ಸ್‌ಪಿಯರ್ ಕಾಲದ ರಂಗದ ಮೇಲೆ ಕಾನೂನು

‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ವಿಚಾರಣೆಯ ದೃಶ್ಯವನ್ನು ಓದಿದ ವಕೀಲರು ಮೊದಲು ಕೇಳುವುದು ಒಂದೇ ಪ್ರಶ್ನೆ: ಸಾಲ ತೀರದಿದ್ದರೆ ಎದೆಯ ಮಾಂಸ ಕೊಯ್ದು ಕೊಡುತ್ತೇನೆ ಎಂದು ವರ್ತಕ ಆಂಟೋನಿಯೋ ಲೇವಾದೇವಿಗಾರ ಶೈಲಾಕನಿಗೆ ಬರೆದುಕೊಟ್ಟ ಮುಚ್ಚಳಿಕೆ ಯಾವ ಕೋರ್ಟಿನಲ್ಲಿ ಊರ್ಜಿತವಾಗುತ್ತದೆ? ಎಲ್ಲಿಯೂ ಆಗುವುದಿಲ್ಲ. ಈ ಉತ್ತರ ಸರಿಯೇ. ಆದರೆ ಅದನ್ನು ಹೇಳಿ ಪುಸ್ತಕ ಮುಚ್ಚಿದರೆ ನಾಟಕ ಕೈತಪ್ಪುತ್ತದೆ. ಆ ಕಾಲದ ಇಂಗ್ಲಿಷ್ ನಾಟಕಗಳಲ್ಲಿ ಕಾಣುವ ಕೋರ್ಟುಗಳು ಬಹುಮಟ್ಟಿಗೆ ತಪ್ಪು ಕೋರ್ಟುಗಳು. ಊರು ವೆನಿಸ್ ಇರಬಹುದು, ವಿಯೆನ್ನಾ ಇರಬಹುದು. ಒಳಗಿನ ಕಾನೂನು ಅರ್ಧ ಇಂಗ್ಲೆಂಡಿನದು, ಅರ್ಧ ಕಟ್ಟುಕತೆ. ಈ ಎರಡನ್ನು ಹೊಲಿದ ಜಾಗದಲ್ಲೇ ನಾಟಕಕಾರನ ನಿಜವಾದ ಕೆಲಸ ನಡೆದಿರುತ್ತದೆ. ಆ ಹೊಲಿಗೆ ಕಾಣಬೇಕಾದರೆ ಅಸಲಿ ಕಾನೂನು ಹೇಗೆ ನಡೆಯುತ್ತಿತ್ತೆಂದು ತಿಳಿದಿರಬೇಕು.

ಸಾಲಪತ್ರದಿಂದಲೇ ಶುರುಮಾಡೋಣ. 1590ರ ದಶಕದ ಲಂಡನ್ನಿನಲ್ಲಿ ನೂರು ಪೌಂಡ್ ಸಾಲ ಕೊಡುವವನು ನೂರು ಪೌಂಡಿಗೆ ಪತ್ರ ಬರೆಸಿಕೊಳ್ಳುತ್ತಿರಲಿಲ್ಲ, ಸಾಮಾನ್ಯವಾಗಿ ಇನ್ನೂರಕ್ಕೆ ಬರೆಸಿಕೊಳ್ಳುತ್ತಿದ್ದ. ಪತ್ರದ ಮೊದಲ ಭಾಗ, ‘ನಾನು ಇಂಥವರಿಗೆ ಇನ್ನೂರು ಪೌಂಡ್ ಕೊಡಬೇಕು’ ಎಂಬ ಒಪ್ಪಿಗೆ. ಎರಡನೇ ಭಾಗ, ‘ಇಂಥ ದಿನ, ಇಂಥ ಸ್ಥಳದಲ್ಲಿ ನೂರು ಪೌಂಡ್ ಸಲ್ಲಿಸಿದರೆ ಮೇಲಿನ ಪತ್ರ ರದ್ದು’ ಎಂಬ ಷರತ್ತು. ಸಾಲಗಾರ ಮೊಹರು ಒತ್ತಿ ಪತ್ರವನ್ನು ಕೈಗೆ ಕೊಟ್ಟರೆ ಮುಗಿಯಿತು. ವಾಯಿದೆಯ ದಿನ ದಾಟಿದರೆ ಇಡೀ ಇನ್ನೂರು ಬಾಕಿ. ದಾವೆ ಬಿದ್ದಾಗ ಹೇಳಬಹುದಾದ ಸಮಜಾಯಿಷಿಗಳು ಬೆರಳೆಣಿಕೆಯವು: ಈ ಪತ್ರ ನನ್ನದಲ್ಲ, ಅಥವಾ ಅದೇ ದಿನ ಅಲ್ಲೇ ಹಣ ಸಲ್ಲಿಸಿದ್ದೇನೆ. ಮಾರನೆಯ ದಿನ ತಂದೆ, ಕಾಯಿಲೆ ಬಿದ್ದಿದ್ದೆ, ಹಡಗು ಮುಳುಗಿತು ಎಂಬ ಮಾತುಗಳಿಗೆ, ರೂಢಿ ಮತ್ತು ಹಿಂದಿನ ತೀರ್ಪುಗಳ ಮೇಲೆ ನಿಂತ ಕಾಮನ್ ಲಾ ಕೋರ್ಟಿನಲ್ಲಿ ಬೆಲೆಯಿರಲಿಲ್ಲ. ಆಂಟೋನಿಯೋನ ಹಡಗುಗಳು ಮುಳುಗಿದ ಸುದ್ದಿ ಬಂದಾಗ ಪ್ರೇಕ್ಷಕರ ಎದೆ ಯಾಕೆ ಝಲ್ಲೆನ್ನುತ್ತಿತ್ತು ಎಂಬುದಕ್ಕೆ ಇದೇ ಕಾರಣ. ಅವನಿಗೆ ಕರುಣೆ ಸಿಗಬಹುದು, ವಾಯಿದೆ ಸಿಗುವುದಿಲ್ಲ.

ಇದಕ್ಕೆ ಬಡ್ಡಿಯ ಕಾನೂನನ್ನೂ ಸೇರಿಸಿಕೊಳ್ಳಬೇಕು. 1571ರ ಶಾಸನ ಬಡ್ಡಿಯನ್ನು ಪಾಪವೆಂದು ಬೈಯುತ್ತಲೇ ಶೇಕಡಾ 10ನ್ನು ಗೆರೆಯಾಗಿ ಎಳೆಯಿತು. ಅದನ್ನು ಮೀರಿದ ಕರಾರು ಅಸಿಂಧು; ಅದರೊಳಗಿದ್ದರೆ ಸಿಕ್ಕಿಬಿದ್ದವನು ಬಡ್ಡಿಯನ್ನಷ್ಟೇ ಕಳೆದುಕೊಳ್ಳುತ್ತಿದ್ದ. ವ್ಯವಹಾರದಲ್ಲಿ ಇದು ಶೇಕಡಾ 10ಕ್ಕೆ ಕೊಟ್ಟ ಪರವಾನಗಿಯೇ ಆಯಿತು. ಶೇಕ್ಸ್‌ಪಿಯರನ ತಂದೆ ಜಾನ್ ಕೂಡ 1570ರಲ್ಲಿ, ಅಂದರೆ ಈ ಶಾಸನಕ್ಕೆ ಒಂದು ವರ್ಷ ಮೊದಲು, ಮಿತಿಮೀರಿದ ಬಡ್ಡಿಯ ಆರೋಪ ಎದುರಿಸಿದ್ದ. ಈಗ ಶೈಲಾಕನ ಮಾತು ನೋಡಿ: 3,000 ಡಕಾಟ್ (ವೆನಿಸಿನ ಚಿನ್ನದ ನಾಣ್ಯ), ಮೂರು ತಿಂಗಳು, ಬಡ್ಡಿ ಬೇಡ, ತಪ್ಪಿದರೆ ಮಾತ್ರ ದಂಡ. ಬಡ್ಡಿಯಿಲ್ಲದ ಸಾಲ, ಕೊರಳಿಗೆ ಸುತ್ತುವ ದಂಡ: ಸಜ್ಜನ ಕ್ರೈಸ್ತ ವರ್ತಕರು ದಿನನಿತ್ಯ ಬರೆಸಿಕೊಳ್ಳುತ್ತಿದ್ದ ಪತ್ರದ ರೂಪವೇ ಇದು.

ಮಾಂಸದ ಷರತ್ತು ಇಟಲಿಯ ಹಳೆಯ ಕಥೆಯಿಂದ ಬಂದದ್ದು. ಆದರೆ ಲಂಡನ್ನಿನ ಪ್ರೇಕ್ಷಕನಿಗೆ ಅದು ಪೂರಾ ಅಜ್ಜಿಕಥೆಯಾಗಿರಲಿಲ್ಲ. ಡಿಕ್ರಿಯ ಹಣ ತೀರಿಸದವನ ದೇಹವನ್ನೇ ಹಿಡಿದು ಸೆರೆಯಲ್ಲಿಡುವ ಹಕ್ಕು ಸಾಲಕೊಟ್ಟವನಿಗಿತ್ತು. ಫ್ಲೀಟ್ ಮುಂತಾದ ಸೆರೆಮನೆಗಳಲ್ಲಿ ಸಾಲಗಾರರು ವರ್ಷಗಟ್ಟಲೆ ಕೊಳೆಯುತ್ತಿದ್ದರು. ದೇಹವೇ ಅಡಮಾನವೆಂಬುದು ಕಾನೂನಿನಲ್ಲಿ ಆಗಲೇ ಇತ್ತು. ಅದಕ್ಕೆ ಚಾಕು ಮತ್ತು ತಕ್ಕಡಿ ಕೊಟ್ಟದ್ದಷ್ಟೇ ನಾಟಕ.

ಇನ್ನು ಆಂಟೋನಿಯೋನನ್ನು ಉಳಿಸಲು ಪೋರ್ಷಿಯಾ ಎಂಬ ಹೆಣ್ಣು ಕಾನೂನು ಪಂಡಿತನ ವೇಷದಲ್ಲಿ ವೆನಿಸಿನ ದೊರೆ ಡ್ಯೂಕನ ಎದುರು ನಡೆಸುವ ವಾದ. ಅದರಲ್ಲಿ ಮೂರು ಪಟ್ಟುಗಳಿವೆ, ಮೂರೂ ಬೇರೆಬೇರೆ ಜಾತಿಯವು. ಮೊದಲನೆಯದು ಪತ್ರದ ಅಕ್ಷರ: ಮಾಂಸ ಎಂದಿದೆ, ರಕ್ತ ಎಂದಿಲ್ಲ. ಎರಡನೆಯದು ತೂಕ: ಕೂದಲೆಳೆಯಷ್ಟು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಇವೆರಡೂ ಸಿವಿಲ್ ದಾವೆಯ ಒಳಗಿನವು. ಮೂರನೆಯದು ಇಡೀ ಪ್ರಕರಣವನ್ನೇ ಮಗುಚಿಹಾಕುತ್ತದೆ: ಪರಕೀಯನೊಬ್ಬ ವೆನಿಸಿನ ಪ್ರಜೆಯ ಪ್ರಾಣಕ್ಕೆ ಹೊಂಚುಹಾಕಿದರೆ ಅವನ ಅರ್ಧ ಸ್ವತ್ತು ಆ ಪ್ರಜೆಗೆ, ಅರ್ಧ ಸರ್ಕಾರಕ್ಕೆ, ಜೀವ ಡ್ಯೂಕನ ಮರ್ಜಿಗೆ. ವಾದಿಯಾಗಿ ಬಂದವನು ಕ್ಷಣದಲ್ಲಿ ಆರೋಪಿ. ದೋಷಾರೋಪಣೆಯಿಲ್ಲ, ಜ್ಯೂರಿಯಿಲ್ಲ, ಸಮಜಾಯಿಷಿಗೆ ಅವಕಾಶವಿಲ್ಲ. ಮೇಲಾಗಿ ತೀರ್ಪು ಹೇಳುತ್ತಿರುವವಳು, ಆಂಟೋನಿಯೋ ಯಾವ ಗೆಳೆಯನಿಗಾಗಿ ಈ ಸಾಲ ಮಾಡಿದನೋ ಅವನ ಹೆಂಡತಿ.

ಈ ದೃಶ್ಯವನ್ನು ಪಾಠ ಮಾಡುವವರು ಸಾಮಾನ್ಯವಾಗಿ ಒಂದು ಸೂತ್ರ ಕೊಡುತ್ತಾರೆ: ಶೈಲಾಕ್ ಎಂದರೆ ಕಠಿಣವಾದ ಕಾಮನ್ ಲಾ, ಪೋರ್ಷಿಯಾ ಎಂದರೆ ಚಾನ್ಸರಿ ಕೋರ್ಟಿನ ಇಕ್ವಿಟಿ, ಅಂದರೆ ಆತ್ಮಸಾಕ್ಷಿಯ ನ್ಯಾಯ. ಪರೀಕ್ಷೆಗೆ ಇದು ಅನುಕೂಲ, ನಾಟಕಕ್ಕೆ ಹೊಂದುವುದಿಲ್ಲ. ಚಾನ್ಸರಿ ಆ ಹೊತ್ತಿಗೆ ಸಂದರ್ಭ ನೋಡಿ ಇಂಥ ಪತ್ರಗಳ ದಂಡದಿಂದ ಸಾಲಗಾರನನ್ನು ಬಿಡಿಸುತ್ತಿತ್ತು ನಿಜ. ಅದರ ಕ್ರಮವೆಂದರೆ ದಂಡವನ್ನು ತಡೆದು, ಅಸಲನ್ನೂ ಆದ ನಷ್ಟವನ್ನೂ ಕೊಡಿಸುವುದು. ಪೋರ್ಷಿಯಾ ಹಾಗೆ ಮಾಡುವುದಿಲ್ಲ. ಕರುಣೆಯ ಬಗ್ಗೆ ಸೊಗಸಾಗಿ ಮಾತಾಡಿ, ಅದು ಫಲಿಸದಿದ್ದಾಗ ಶೈಲಾಕನಿಗಿಂತ ಹೆಚ್ಚು ಅಕ್ಷರನಿಷ್ಠಳಾಗಿ ಪತ್ರ ಓದುತ್ತಾಳೆ. ಅಸಲು ಕೊಡಿ ಸಾಕು, ಹೋಗುತ್ತೇನೆ ಎಂದು ಶೈಲಾಕ್ ಕೇಳಿದಾಗ ಅದನ್ನೂ ನಿರಾಕರಿಸುತ್ತಾಳೆ. ಇಕ್ವಿಟಿ ಮೊದಲು ಕೊಡಿಸಬೇಕಾಗಿದ್ದುದೇ ಆ ಅಸಲು. ಕಾಮನ್ ಲಾ ನ್ಯಾಯಾಧೀಶ ಎಡ್ವರ್ಡ್ ಕೋಕ್ ಮತ್ತು ಚಾನ್ಸರಿಯ ಮುಖ್ಯಸ್ಥನಾದ ಚಾನ್ಸಲರ್ ಎಲ್ಸ್‌ಮಿಯರ್ ನಡುವಿನ ಜಗಳಕ್ಕೂ ಈ ದೃಶ್ಯವನ್ನು ಕೆಲವರು ಗಂಟುಹಾಕುತ್ತಾರೆ. ಆ ಜಗಳ ರಾಜ ಜೇಮ್ಸ್‌ನ ಮುಂದೆ ಚಾನ್ಸರಿಯ ಪರವಾಗಿ ಇತ್ಯರ್ಥವಾದದ್ದು, ಕೋಕ್ ಹುದ್ದೆ ಕಳೆದುಕೊಂಡದ್ದು 1616ರಲ್ಲಿ. ನಾಟಕ ಅಚ್ಚಾದದ್ದೇ 1600ರಲ್ಲಿ.

ಜರ್ಮನಿಯ ನ್ಯಾಯಶಾಸ್ತ್ರಜ್ಞ ರುಡಾಲ್ಫ್ ಫಾನ್ ಯೇರಿಂಗ್ 1872ರಲ್ಲಿ ಇದನ್ನು ನೇರವಾಗಿ ಹೇಳಿದ. ನೀತಿಬಾಹಿರವಾದ ಈ ಪತ್ರವನ್ನು ಮೊದಲೇ ಅಸಿಂಧು ಎನ್ನಬೇಕಿತ್ತು. ಸಿಂಧುವೆಂದು ಒಪ್ಪಿದ ಮೇಲೆ ಮಾಂಸ ಕೊಯ್ಯುವ ಹಕ್ಕಿನಲ್ಲಿ ರಕ್ತ ಹರಿಸುವ ಹಕ್ಕೂ ಸೇರಿರುತ್ತದೆ, ಶೈಲಾಕನಿಗೆ ಆದದ್ದು ಮೋಸ ಎಂಬುದು ಅವನ ವಾದ. ನನ್ನ ಮಟ್ಟಿಗೆ ಯೇರಿಂಗನ ವಾದಕ್ಕೆ ಉತ್ತರವಿಲ್ಲ. ನಾಟಕಕ್ಕೆ ಅದು ಗೊತ್ತಿತ್ತು ಎಂಬುದನ್ನಷ್ಟೇ ಸೇರಿಸಬಹುದು. ಪತ್ರವನ್ನು ಅಸಿಂಧು ಮಾಡಲು ವೆನಿಸಿಗೆ ಯಾಕೆ ಆಗುವುದಿಲ್ಲವೆಂದು ಆಂಟೋನಿಯೋನೇ ಮೂರನೇ ಅಂಕದಲ್ಲಿ ಹೇಳುತ್ತಾನೆ: ನಗರದ ವ್ಯಾಪಾರವೆಲ್ಲ ಹೊರನಾಡಿನವರಿಂದ ನಡೆಯುತ್ತಿದೆ, ಅವರಿಗೆ ಕಾನೂನಿನ ಭರವಸೆ ತಪ್ಪಿಸಿದರೆ ರಾಜ್ಯದ ನ್ಯಾಯದ ಹೆಸರೇ ಕೆಡುತ್ತದೆ. ಕಾನೂನು ಅಲುಗಬಾರದು, ನಮ್ಮವನು ಸಾಯಲೂಬಾರದು. ಈ ಇಕ್ಕಟ್ಟಿಗೆ ಸಿಕ್ಕ ಊರು ಅಕ್ಷರದ ಆಟಕ್ಕಿಳಿಯುತ್ತದೆ. ಅಂದಹಾಗೆ ಅದೇ 1872ರಲ್ಲಿ ಜಾರಿಗೆ ಬಂದ ನಮ್ಮ ಭಾರತೀಯ ಕರಾರು ಕಾಯ್ದೆಯ 74ನೇ ಕಲಮು ಈ ಗಂಟನ್ನು ಬೇರೆ ರೀತಿಯಲ್ಲಿ ಬಿಚ್ಚಿತು: ಕರಾರಿನಲ್ಲಿ ದಂಡ ಎಷ್ಟೇ ಬರೆದಿದ್ದರೂ ಕೋರ್ಟು ಆ ಮೊತ್ತವನ್ನು ಮೀರದಂತೆ ನ್ಯಾಯಸಮ್ಮತ ಪರಿಹಾರವನ್ನಷ್ಟೇ ಕೊಡಿಸುತ್ತದೆ.

ಇಷ್ಟು ಸೂಕ್ಷ್ಮ ಪ್ರೇಕ್ಷಕರಿಗೆ ತಲುಪುತ್ತಿತ್ತೇ? ಎಲ್ಲರಿಗೂ ಅಲ್ಲದಿದ್ದರೂ ಬಹಳ ಜನಕ್ಕೆ. ಅದು ದಾವೆ ಹೂಡುವುದರಲ್ಲಿ ಹೆಸರಾದ ಕಾಲ. ಲಂಡನ್ನಿನ ನಾಲ್ಕು ಇನ್ಸ್ ಆಫ್ ಕೋರ್ಟ್‌ಗಳಲ್ಲಿ, ಅಂದರೆ ಗ್ರೇಸ್ ಇನ್, ಲಿಂಕನ್ಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್‌ಗಳಲ್ಲಿ, ಕಾನೂನು ಕಲಿಯುತ್ತಿದ್ದ ಹುಡುಗರು ನಾಟಕದ ಹುಚ್ಚಿನವರು. ಇನ್ನರ್ ಟೆಂಪಲ್‌ನವರಾದ ನಾರ್ಟನ್ ಮತ್ತು ಸ್ಯಾಕ್ವಿಲ್ ಬರೆದ ‘ಗೊರ್ಬೊಡಕ್’ 1562ರ ಜನವರಿಯಲ್ಲಿ ರಾಣಿ ಎಲಿಜಬೆತ್ ಎದುರು ಆಡಲ್ಪಟ್ಟಿತು. ‘ಕಾಮಿಡಿ ಆಫ್ ಎರರ್ಸ್’ 1594ರ ಡಿಸೆಂಬರ್ 28ರಂದು ಗ್ರೇಸ್ ಇನ್‌ನಲ್ಲಿ, ‘ಟ್ವೆಲ್ಫ್ತ್ ನೈಟ್’ 1602ರ ಫೆಬ್ರವರಿ 2ರಂದು ಮಿಡಲ್ ಟೆಂಪಲ್‌ನಲ್ಲಿ ನಡೆದ ದಾಖಲೆಯಿದೆ. ಕೋರ್ಟಿನ ಅವಧಿಗಳಲ್ಲಿ ಊರೂರಿನ ಕಕ್ಷಿದಾರರು ಲಂಡನ್ನಿಗೆ ಬಂದಿಳಿಯುತ್ತಿದ್ದರು. ರಂಗಮಂದಿರಗಳಿಗೆ ಅದು ಸುಗ್ಗಿ. ಶೇಕ್ಸ್‌ಪಿಯರನ ತಂಡದ ಗ್ಲೋಬ್ ರಂಗಮಂದಿರವೇ ಒಂದು ಗುತ್ತಿಗೆ ಜಗಳದ ಕೂಸು. ಹಳೆಯ ರಂಗಮಂದಿರದ ನೆಲದ ಒಡೆಯ ಜೈಲ್ಸ್ ಅಲೆನ್ ಗುತ್ತಿಗೆ ಮುಂದುವರಿಸಲು ಸತಾಯಿಸಿದಾಗ, ಕಟ್ಟಡ ನಮ್ಮದು ಎಂದು ಬರ್ಬೇಜ್ ಸಹೋದರರು 1598ರ ಡಿಸೆಂಬರ್ ಕೊನೆಯಲ್ಲಿ ಮರಮುಟ್ಟನ್ನೆಲ್ಲ ಬಿಚ್ಚಿ ಒಯ್ದು ಅದರಿಂದಲೇ ಗ್ಲೋಬ್ ಕಟ್ಟಿದರು. ಅಲೆನ್ 800 ಪೌಂಡಿಗೆ ದಾವೆ ಹೂಡಿದ. ತುಳಿದುಹೋದ ಹುಲ್ಲಿಗೆಂದು 40 ಶಿಲಿಂಗ್ ಬೇರೆ ಲೆಕ್ಕ ಹಾಕಿದ್ದ.

ಎರಡನೇ ಉದಾಹರಣೆ ಮದುವೆಯದು. 1604ರ ಡಿಸೆಂಬರ್ 26ರಂದು ಅರಮನೆಯಲ್ಲಿ ಆಡಿದ ‘ಮೆಷರ್ ಫಾರ್ ಮೆಷರ್’ ಇಂದಿನ ಓದುಗರಿಗೆ ಗೋಜಲೆನಿಸುವುದು ಆ ಕಾಲದ ಮದುವೆಯ ಕಾನೂನು ಮರೆತುಹೋಗಿರುವುದರಿಂದ. 1753ರ ಶಾಸನ ಬರುವವರೆಗೆ ಇಂಗ್ಲೆಂಡಿನಲ್ಲಿ ಮದುವೆಗೆ ಪಾದ್ರಿ, ಚರ್ಚು, ಸಾಕ್ಷಿ ಯಾವುದೂ ಅನಿವಾರ್ಯವಾಗಿರಲಿಲ್ಲ. ಗಂಡುಹೆಣ್ಣು ‘ಈಗ ನಿನ್ನನ್ನು ವರಿಸುತ್ತಿದ್ದೇನೆ’ ಎಂದು ಪರಸ್ಪರ ಹೇಳಿಕೊಂಡರೆ ಬಿಡಿಸಲಾಗದ ಮದುವೆಯಾಯಿತು. ‘ಮುಂದೆ ವರಿಸುತ್ತೇನೆ’ ಎಂದರೆ ಅದು ನಿಶ್ಚಿತಾರ್ಥ, ಮುರಿಯಬಹುದು. ಆದರೆ ಆ ಮಾತಿನ ನಂತರ ಕೂಡಿದರೆ ನಿಶ್ಚಿತಾರ್ಥವೇ ಮದುವೆಯಾಗಿಬಿಡುತ್ತಿತ್ತು. ಎಡವಟ್ಟಿದ್ದುದು ಇನ್ನೊಂದು ಕಡೆ: ಚರ್ಚಿನಲ್ಲಿ ಘೋಷಣೆಯಾಗದೆ ಕೂಡಿಬಾಳಿದರೆ ಮದುವೆ ಸಿಂಧುವಾದರೂ ಚರ್ಚ್ ಕೋರ್ಟು ಶಿಕ್ಷಿಸುತ್ತಿತ್ತು, ಸಾಮಾನ್ಯವಾಗಿ ಬಿಳಿ ಬಟ್ಟೆ ಹೊದ್ದು ಸಭೆಯ ಮುಂದೆ ತಪ್ಪೊಪ್ಪಿಕೊಳ್ಳುವ ಶಿಕ್ಷೆ. ಒಂದೇ ಜೋಡಿ ಏಕಕಾಲಕ್ಕೆ ಗಂಡಹೆಂಡತಿಯೂ ಹೌದು, ತಪ್ಪಿತಸ್ಥರೂ ಹೌದು.

ನಾಟಕದ ಎರಡು ಜೋಡಿಗಳನ್ನು ಈ ಅಳತೆಗೆ ಹಿಡಿಯಿರಿ. ಕ್ಲಾಡಿಯೋ ತಾನು ಜೂಲಿಯೆಟ್‌ಳನ್ನು ನಿಜವಾದ ಕರಾರಿನಿಂದಲೇ ವರಿಸಿದ್ದೇನೆ, ಬಹಿರಂಗ ಘೋಷಣೆಯೊಂದು ಬಾಕಿ, ವರದಕ್ಷಿಣೆ ಬರಲೆಂದು ಕಾದೆವು ಎನ್ನುತ್ತಾನೆ. ಅವಳು ಬಸುರಿ, ಅವನಿಗೆ ಮರಣದಂಡನೆ. ಆ ಶಿಕ್ಷೆ ವಿಧಿಸುವ, ಡ್ಯೂಕನ ಬದಲಿಗೆ ಆಳುತ್ತಿರುವ ಆಂಜೆಲೋ ಹಿಂದೆ ಮರಿಯಾನಾಳಿಗೆ ಮಾತು ಕೊಟ್ಟು, ಅವಳ ಅಣ್ಣನೂ ವರದಕ್ಷಿಣೆಯೂ ಸಮುದ್ರಪಾಲಾದಾಗ ಕೈಬಿಟ್ಟವನು. ಕ್ಲಾಡಿಯೋ ಉಳಿಯಬೇಕಾದರೆ ಅವನ ಸೋದರಿ ಇಸಬೆಲ್ಲಾ ತನ್ನ ಹಾಸಿಗೆಗೆ ಬರಬೇಕೆನ್ನುತ್ತಾನೆ ಈ ಆಂಜೆಲೋ. ಕತ್ತಲಲ್ಲಿ ಇಸಬೆಲ್ಲಾಳ ಬದಲಿಗೆ ಮರಿಯಾನಾಳನ್ನು ಅವನ ಹಾಸಿಗೆಗೆ ಕಳಿಸುವ ತಂತ್ರ ಅಗ್ಗದ ರಂಗಚಮತ್ಕಾರದಂತೆ ಕಾಣುತ್ತದೆ. ಕಾನೂನಿನ ಕಣ್ಣಿಗೆ ಅದು ಮುರಿದುಬಿದ್ದ ನಿಶ್ಚಿತಾರ್ಥವನ್ನು ಮದುವೆಯನ್ನಾಗಿಸುವ ಕ್ರಿಯೆ, ಮತ್ತು ಕ್ಲಾಡಿಯೋ ಮಾಡಿದ್ದನ್ನೇ ಆಂಜೆಲೋನ ಕೈಯಲ್ಲೂ ಮಾಡಿಸುವ ಬಲೆ. ವ್ಯತ್ಯಾಸವೆಂದರೆ ಕ್ಲಾಡಿಯೋನ ಸಂಬಂಧದಲ್ಲಿ ಒಪ್ಪಿಗೆಯಿತ್ತು.

ಇಂಥ ಅಪರಾಧಕ್ಕೆ ತಲೆ ತೆಗೆಯುವ ಕಾನೂನು 1604ರ ಇಂಗ್ಲೆಂಡಿನಲ್ಲಿ ಇರಲಿಲ್ಲ. ಬೇಕೆಂದು ಒತ್ತಾಯಿಸುವ ಪ್ಯೂರಿಟನ್ನರು, ಅಂದರೆ ಕಟ್ಟುನಿಟ್ಟಿನ ಕ್ರೈಸ್ತ ಸುಧಾರಕರು, ಇದ್ದರು. 1650ರಲ್ಲಿ ಅವರ ಆಳ್ವಿಕೆ ವ್ಯಭಿಚಾರಕ್ಕೆ ಮರಣದಂಡನೆಯನ್ನೇ ತಂದಿತು, ಅವಿವಾಹಿತರ ಸಂಬಂಧಕ್ಕೆ ಮೂರು ತಿಂಗಳ ಸೆರೆ. ನಾಟಕದ ವಿಯೆನ್ನಾದಲ್ಲಿ ವರ್ಷಗಟ್ಟಲೆ ಮಲಗಿದ್ದ ಶಾಸನವನ್ನು ಒಮ್ಮೆಗೇ ಎಬ್ಬಿಸುತ್ತಾರೆ. ಎಷ್ಟು ವರ್ಷ? ಡ್ಯೂಕ್ ಹದಿನಾಲ್ಕು ಅನ್ನುತ್ತಾನೆ, ಕ್ಲಾಡಿಯೋ ಹತ್ತೊಂಬತ್ತು ಅನ್ನುತ್ತಾನೆ. ಸಂಪಾದಕರು ಈ ಲೆಕ್ಕ ಸರಿಮಾಡಲು ಇಂದಿಗೂ ತಿಣುಕುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಆಂಜೆಲೋನ ಒಂದು ಮಾತು: ಕೈದಿಯ ಪ್ರಾಣ ನಿರ್ಧರಿಸುವ ಹನ್ನೆರಡು ಮಂದಿಯಲ್ಲಿ ಅವನಿಗಿಂತ ದೊಡ್ಡ ಕಳ್ಳ ಒಬ್ಬಿಬ್ಬರಿರಬಹುದು, ಅದರಿಂದ ತೀರ್ಪು ಕೆಡುವುದಿಲ್ಲ. ಹನ್ನೆರಡು ಮಂದಿಯ ಜ್ಯೂರಿ ಅಪ್ಪಟ ಇಂಗ್ಲಿಷ್ ಪದ್ಧತಿ. ವಿಯೆನ್ನಾದ ಪರದೆ ಅಲ್ಲಿ ಸರಿಯುತ್ತದೆ. ಕೊನೆಯಲ್ಲಿ ಇಸಬೆಲ್ಲಾ ಆಂಜೆಲೋನ ಪರವಾಗಿ ಮಂಡಿಯೂರಿ, ಅವನ ದುರುದ್ದೇಶ ಕೃತ್ಯವಾಗಲಿಲ್ಲ, ಬರಿಯ ಯೋಚನೆಗೆ ಶಿಕ್ಷೆಯಿಲ್ಲ ಎಂದು ವಾದಿಸುವುದು ನುರಿತ ವಕೀಲರ ವಾದವೇ.

ಈ ನಾಟಕದ ಪಕ್ಕದಲ್ಲಿ ಇಡಬೇಕಾದ ದಾಖಲೆಯೊಂದಿದೆ. 1604ರ ಸುಮಾರಿಗೆ ಶೇಕ್ಸ್‌ಪಿಯರ್ ಲಂಡನ್ನಿನ ಸಿಲ್ವರ್ ಸ್ಟ್ರೀಟಿನಲ್ಲಿ ಕ್ರಿಸ್ಟೋಫರ್ ಮೌಂಟ್‌ಜಾಯ್ ಎಂಬ ಫ್ರೆಂಚ್ ಮೂಲದ ಶಿರೋಭೂಷಣ ತಯಾರಕನ ಮನೆಯಲ್ಲಿ ಬಾಡಿಗೆಗಿದ್ದ. ಆ ಮನೆಯ ಮಗಳನ್ನು ಮದುವೆಯಾಗುವಂತೆ ಕೆಲಸದ ಹುಡುಗ ಸ್ಟೀಫನ್ ಬೆಲಾಟ್‌ನ ಮನವೊಲಿಸಿದವನೂ ಅವನೇ. ಮದುವೆ ಆ ವರ್ಷದ ನವೆಂಬರಿನಲ್ಲಿ ನಡೆಯಿತು. ಹೇಳಿದ ವರದಕ್ಷಿಣೆ ಬರಲಿಲ್ಲವೆಂದು ಅಳಿಯ 1612ರಲ್ಲಿ ಕೋರ್ಟ್ ಆಫ್ ರಿಕ್ವೆಸ್ಟ್ಸ್‌ಗೆ ಹೋದ. 60 ಪೌಂಡ್ ಮಾತಾಗಿತ್ತೆಂದು ಅವನ ವಾದ. ಮೇ 11ರಂದು ಹೇಳಿಕೆ ಕೊಟ್ಟ ಶೇಕ್ಸ್‌ಪಿಯರ್, ವರದಕ್ಷಿಣೆ ಕೊಡುವುದಾಗಿ ಮಾತಾಗಿದ್ದು ಹೌದು, ಎಷ್ಟೆಂದು ನೆನಪಿಲ್ಲ ಎಂದ. ದಾವೆಯ ಗಂಟು ಇದ್ದುದೇ ಆ ಮೊತ್ತದಲ್ಲಿ.

‘ಹ್ಯಾಮ್ಲೆಟ್’ನ ಗೋರಿ ತೋಡುವವರ ಹಾಸ್ಯ ಇನ್ನೂ ಬಿಗಿಯಾದದ್ದು. ನೀರಿಗೆ ಬಿದ್ದು ಸತ್ತ ಒಫೀಲಿಯಾಳಿಗೆ ಕ್ರೈಸ್ತ ಸಂಸ್ಕಾರ ಸಲ್ಲುತ್ತದೋ ಇಲ್ಲವೋ ಎಂಬುದು ಚರ್ಚೆ. ಮನುಷ್ಯ ನೀರಿನ ಬಳಿ ಹೋದರೆ ಆತ್ಮಹತ್ಯೆ, ನೀರೇ ಅವನ ಬಳಿ ಬಂದರೆ ಅಲ್ಲ. ಕೃತ್ಯಕ್ಕೆ ಮೂರು ಅಂಗಗಳು ಎನ್ನುತ್ತ ಮೂರು ಬಾರಿ ಒಂದನ್ನೇ ಹೇಳುತ್ತಾನೆ ಗೋರಿಯವನು. ಇದರ ಹಿಂದೆ ನಿಜವಾದ ಮೊಕದ್ದಮೆ ಇದೆ. ನ್ಯಾಯಾಧೀಶನಾಗಿದ್ದ ಸರ್ ಜೇಮ್ಸ್ ಹೇಲ್ಸ್ 1554ರಲ್ಲಿ ಕೆಂಟ್ ಸೀಮೆಯಲ್ಲಿ ನೀರಿಗೆ ಬಿದ್ದು ಸತ್ತ. ಅಸಹಜ ಸಾವುಗಳನ್ನು ವಿಚಾರಿಸುವ ಕೊರೊನರನ ಜ್ಯೂರಿ ಆತ್ಮಹತ್ಯೆ ಎಂದಿತು. ಹಾಗೆ ಸತ್ತವನ ಸ್ವತ್ತು ದೊರೆಗೆ ಮುಟ್ಟುಗೋಲು. ಗಂಡಹೆಂಡಿರ ಜಂಟಿ ಹೆಸರಿನಲ್ಲಿದ್ದ ಗುತ್ತಿಗೆ ಜಮೀನು ಉಳಿದವಳಾದ ವಿಧವೆ ಮಾರ್ಗರೆಟ್‌ಗೆ ಸೇರಬೇಕೋ, ದೊರೆಯಿಂದ ಅದನ್ನು ಪಡೆದ ಸಿರಿಯಾಕ್ ಪೆಟಿಟ್‌ಗೋ? ಇಲ್ಲಿ ಕಾಲದ ಪ್ರಶ್ನೆ ಎದ್ದಿತು. ಅಪರಾಧ ಪೂರ್ಣವಾಗುವುದು ಸತ್ತಾಗ; ಸತ್ತ ಕ್ಷಣವೇ ಜಮೀನು ಹೆಂಡತಿಗೆ ಸೇರುತ್ತದಲ್ಲ? ಪೆಟಿಟ್ ಪರ ವಕೀಲರು ಕೃತ್ಯವನ್ನು ಮೂರಾಗಿ ಸೀಳಿದರು: ಕಲ್ಪನೆ, ನಿಶ್ಚಯ, ನೆರವೇರಿಕೆ. ನೀರಿಗೆ ಹಾರಿದ್ದು ಬದುಕಿದ್ದಾಗ, ಆದ್ದರಿಂದ ಮುಟ್ಟುಗೋಲು ಅವನ ಜೀವಿತದಲ್ಲೇ ಹತ್ತಿತು ಎಂದು ತೀರ್ಪಾಗಿ ವಿಧವೆ ಸೋತಳು. ಎಡ್ಮಂಡ್ ಪ್ಲೌಡನ್ ಇದನ್ನು ವಕೀಲರ ಫ್ರೆಂಚಿನಲ್ಲಿ ವರದಿ ಮಾಡಿ 1571ರಲ್ಲಿ ಅಚ್ಚು ಹಾಕಿಸಿದ. ಗೋರಿಯವನ ಮಾತು ಆ ವಾದದ ನೇರ ಅಣಕು, ಮತ್ತು ಅಣಕಿನಲ್ಲಿ ಉತ್ಪ್ರೇಕ್ಷೆ ತೀರ ಕಡಿಮೆ. ದೊಡ್ಡ ಮನೆತನದವಳಲ್ಲದಿದ್ದರೆ ಇವಳಿಗೆ ಈ ಮಣ್ಣು ಸಿಗುತ್ತಿರಲಿಲ್ಲ ಎಂಬ ಇನ್ನೊಬ್ಬನ ಮಾತಿಗೆ ಯಾವ ಕೋರ್ಟಿನ ವರದಿಯೂ ಬೇಕಿಲ್ಲ.

ಉಳಿದದ್ದು ಪುರಾವೆಯ ಪ್ರಶ್ನೆ. 1554 ಮತ್ತು 1555ರ ಶಾಸನಗಳು ಆರೋಪಿಯ ಮತ್ತು ಫಿರ್ಯಾದುದಾರರ ಹೇಳಿಕೆಗಳನ್ನು ಮೊದಲೇ ಬರೆದಿಡಬೇಕೆಂದು ಶಾಂತಿಪಾಲಕ ನ್ಯಾಯಾಧೀಶರಿಗೆ ವಿಧಿಸಿದ್ದವು. ಶೇಕ್ಸ್‌ಪಿಯರನ ‘ಮಚ್ ಅಡೂ ಅಬೌಟ್ ನಥಿಂಗ್’ನಲ್ಲಿ ಊರಿನ ಪೇದೆ ಡಾಗ್‌ಬೆರಿ ತೊದಲುತ್ತ ಹಾಳುಮಾಡುವ ವಿಚಾರಣೆ ಅದೇ, ಸತ್ಯ ಹೊರಬರುವುದು ಬರೆದುಕೊಳ್ಳುತ್ತಿದ್ದ ಚರ್ಚಿನ ಗುಮಾಸ್ತ ಸಾಕ್ಷಿಗಳನ್ನು ಮೊದಲು ಕರೆಸಿ ಎಂದು ತಿದ್ದಿದ್ದರಿಂದ. ಬೆನ್ ಜಾನ್ಸನ್‌ನ ‘ವೊಲ್ಪೋನಿ’ಯಲ್ಲಿ ಅಂಥ ಗುಮಾಸ್ತನೂ ಇಲ್ಲ. ಸುಳ್ಳು ಆರೋಪಕ್ಕೆ ಸಿಕ್ಕ ನಿರಪರಾಧಿಗಳಾದ ಬೊನಾರಿಯೋ ಮತ್ತು ಸೀಲಿಯಾರನ್ನು ನಿಮ್ಮ ಸಾಕ್ಷಿಗಳೆಲ್ಲಿ ಎಂದು ಕೇಳಿದಾಗ, ನಮ್ಮ ಆತ್ಮಸಾಕ್ಷಿ ಮತ್ತು ದೇವರು ಎನ್ನುತ್ತಾರೆ. ಇವು ಸಾಕ್ಷ್ಯಗಳಲ್ಲ ಎನ್ನುತ್ತಾನೆ ನ್ಯಾಯಾಧೀಶ. ಕಾನೂನಿನ ಪ್ರಕಾರ ಅವನ ಮಾತು ಸರಿ, ತೀರ್ಪು ಮಾತ್ರ ಪೂರ್ತಿ ತಪ್ಪು. ಕೊನೆಗೆ ಆ ಆರೋಪ ಹೊರಿಸಿದ ಕಳ್ಳರು ಸಿಕ್ಕಿಬೀಳುವುದು ತಮ್ಮೊಳಗಿನ ಜಗಳದಿಂದ, ಕೋರ್ಟಿನ ಜಾಣತನದಿಂದಲ್ಲ. ಜಾನ್ಸನ್‌ಗೆ ಈ ವ್ಯವಸ್ಥೆಯ ಒಳಹೊರಗು ಗೊತ್ತಿತ್ತು. 1598ರಲ್ಲಿ ನಟ ಗೇಬ್ರಿಯಲ್ ಸ್ಪೆನ್ಸರ್‌ನನ್ನು ದ್ವಂದ್ವದಲ್ಲಿ ಕೊಂದು ತಪ್ಪೊಪ್ಪಿಕೊಂಡವನು, ಲ್ಯಾಟಿನ್ ಓದಬಲ್ಲವರಿಗಿದ್ದ ಪಾದ್ರಿ ವಿನಾಯಿತಿಯಿಂದ ಗಲ್ಲು ತಪ್ಪಿಸಿಕೊಂಡು, ಹೆಬ್ಬೆರಳಿಗೆ ಬರೆ ಹಾಕಿಸಿಕೊಂಡು ಹೊರಬಂದಿದ್ದ.

ಘೋರ ಅಪರಾಧದ ಆರೋಪಿಗೆ ವಾಸ್ತವಾಂಶದ ಮೇಲೆ ವಾದಿಸಲು ಆಗ ವಕೀಲರ ನೆರವಿರಲಿಲ್ಲ. ಜಾನ್ ವೆಬ್‌ಸ್ಟರನ ‘ವೈಟ್ ಡೆವಿಲ್’ನಲ್ಲಿ ವ್ಯಭಿಚಾರ ಮತ್ತು ಗಂಡನ ಕೊಲೆಯ ಆರೋಪ ಹೊತ್ತ ವಿಟ್ಟೋರಿಯಾ ಒಬ್ಬಳೇ ನಿಂತು ಲ್ಯಾಟಿನ್ನಿನಲ್ಲಿ ಶುರುಮಾಡಿದ ವಕೀಲನನ್ನು ತಡೆದು, ನೆರೆದವರಿಗೆಲ್ಲ ತಿಳಿಯುವ ಭಾಷೆಯಲ್ಲಿ ಆರೋಪ ಹೇಳು ಎನ್ನುತ್ತಾಳೆ. ಆರೋಪ ಮಾಡುವ ಕಾರ್ಡಿನಲ್‌ನೇ ಶಿಕ್ಷೆಯನ್ನೂ ಹೇಳುತ್ತಾನೆ. ಅವಳು ತಪ್ಪಿತಸ್ಥಳೆಂದು ಪ್ರೇಕ್ಷಕರಿಗೆ ಬಹುಮಟ್ಟಿಗೆ ಗೊತ್ತು; ಆದರೂ ಆ ಹೊತ್ತಿಗೆ ಅವರು ಅವಳ ಕಡೆ ವಾಲುತ್ತಾರೆ.

ಥಾಮಸ್ ಕಿಡ್‌ನ ‘ಸ್ಪ್ಯಾನಿಷ್ ಟ್ರ್ಯಾಜಿಡಿ’ಯ ಹಿಯರೊನಿಮೋ ಸ್ವತಃ ನ್ಯಾಯಾಧಿಕಾರಿ. ಊರವರ ದೂರುಗಳನ್ನು ವಿಚಾರಿಸುವ ಅವನಿಗೆ ಕೊಲೆಯಾದ ತನ್ನ ಮಗನಿಗೆ ನ್ಯಾಯ ಸಿಗುವುದಿಲ್ಲ, ಕಾರಣ ಕೊಲೆಗಾರರು ಅರಮನೆಯವರು. ಸೇಡಿನ ನಾಟಕವೆಂದರೆ ರಕ್ತದ ಹುಚ್ಚು ಎಂದುಕೊಂಡವರು ಅವನ ಕ್ರಮವನ್ನು ಗಮನಿಸಬೇಕು: ಹೆಸರು ತಿಳಿಸುವ ಒಂದು ಪತ್ರ ಸಿಕ್ಕಾಗ ನಂಬದೆ, ಎರಡನೆಯ ಪತ್ರ ಅದಕ್ಕೆ ಹೊಂದುವವರೆಗೆ ಕಾಯುತ್ತಾನೆ, ಆಮೇಲೆ ರಾಜನ ಬಳಿ ಹೋಗುತ್ತಾನೆ. ದಾರಿ ಮುಚ್ಚಿದ ಮೇಲೆ ಕಕ್ಷಿದಾರರು ತಂದ ಕಾಗದಪತ್ರಗಳನ್ನು ಹಲ್ಲಿನಿಂದ ಹರಿದು ಚೂರು ಮಾಡುತ್ತಾನೆ.

ಆ ಹಿಯರೊನಿಮೋನ ಹೆಸರು ಜಾನ್ಸನ್‌ನ ‘ಬಾರ್ತಲೊಮ್ಯೂ ಫೇರ್’ ಶುರುವಾಗುವ ಮುನ್ನವೇ ತಮಾಷೆಯಾಗಿ ಬರುತ್ತದೆ. 1614ರ ಅಕ್ಟೋಬರ್ 31ರಂದು ಹೋಪ್ ರಂಗಮಂದಿರದಲ್ಲಿ ಗುಮಾಸ್ತನೊಬ್ಬ ಬಂದು ಕವಿಗೂ ಪ್ರೇಕ್ಷಕರಿಗೂ ನಡುವಿನ ಕರಾರುಪತ್ರವನ್ನು ಓದಿದ. ಆರು ಪೆನ್ಸ್ ಕೊಟ್ಟವನು ಆರು ಪೆನ್ಸಿನಷ್ಟು, ಅರ್ಧ ಕ್ರೌನ್ (ಮೂವತ್ತು ಪೆನ್ಸ್) ಕೊಟ್ಟವನು ಅಷ್ಟರಮಟ್ಟಿಗೆ ಟೀಕಿಸಬಹುದು; ಪಕ್ಕದವನ ಅಭಿಪ್ರಾಯ ಸಾಲ ಪಡೆಯುವಂತಿಲ್ಲ; ಹಿಯರೊನಿಮೋನ ನಾಟಕವೇ ಇಂದಿಗೂ ಶ್ರೇಷ್ಠ ಎಂದು ಆಣೆಯಿಡುವವನನ್ನು ಇಪ್ಪತ್ತೈದು ಮೂವತ್ತು ವರ್ಷಗಳಿಂದ ಕದಲದ ಸ್ಥಿರಬುದ್ಧಿಯವನೆಂದು ಗೌರವಿಸಿ ಬಿಟ್ಟುಬಿಡಲಾಗುವುದು. ಕರಾರು ಜಾರಿಗೆ ಬರುವುದು ಹೇಗೆಂದರೆ, ಹಣ ಆಗಲೇ ಸಂದಾಯವಾಗಿದೆ, ಸಹಿ ಬದಲಿಗೆ ಕೈ ಚಾಚಿ ಚಪ್ಪಾಳೆ ತಟ್ಟಿದರಾಯಿತು.